ಹಬ್ಬಕ್ಕಾಗಿ ನಿಂತ ಗುಳಿಗೆ

ಕೋವಿಡ್ ಅಲೆಗಳು ಇಳಿದ ಮರುವರ್ಷ. ಆಗ ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯನಾಗಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಸರದಿಯಂತೆ ಕ್ಯಾಂಪ್ ಮಾಡುವುದು, ತಿಂಗಳಿಗೊಮ್ಮೆ ಜೈಲಿಗೂ ಹೋಗಿ ಕೈದಿಗಳನ್ನು ನೋಡುವುದು ನನ್ನ ಕೆಲಸ. ಈ ಕತೆ ಯಾವ ಊರಿನ ಜೈಲಿನದು ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ತಾವು ಪಾರಾದೆವೆಂದು ಹಿಗ್ಗುತ್ತಾರೆ.

ನಾನು ಕಂಡ ಜೈಲುಗಳಲ್ಲೆಲ್ಲ ಅದು ಬಲು ಸ್ವಚ್ಛ. ಕೈದಿಗಳ ಅಂಗಿಗಳು ಬೆಳ್ಳಗೆ, ವಾರ್ಡರ್‌ಗಳ ಖಾಕಿ ಗರಿಗರಿ. ಮುಖ್ಯ ವಾರ್ಡರ್ ನಗುಮುಖದ ಮನುಷ್ಯ. ಚಹಾ ಕೊಟ್ಟು, ನಮ್ಮಲ್ಲಿ ತಲೆ ಕೆಟ್ಟವರು ಯಾರೂ ಇಲ್ಲ ಎಂದ. ನಾನು ಕಿಟಕಿಯಾಚೆ ನೀರಿನ ತೊಟ್ಟಿಯ ಬಳಿ ಕೂತು ಒಂದೇ ಅಂಗಿಯನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದವನನ್ನು ತೋರಿಸಿ, ಅವನು ಯಾರು ಎಂದು ಕೇಳಿದೆ.

"ಅಂವಾ ನಮ್ಮ ವಾಷಿಂಗ್ ಮಷಿನ್ ಅದಾನ್ರಿ ಸಾಹೇಬ್ರ. ಅಗದೀ ಚಲೋ ಮನಷ್ಯಾ," ಎಂದು ನಕ್ಕ. ಸುತ್ತ ನಿಂತವರೂ ನಕ್ಕರು.

ಆ ಮಷಿನ್ನಿನ ಹೆಸರು ರೇವಣಸಿದ್ಧ. ಸಿಂದಗಿ ತಾಲ್ಲೂಕಿನ ಹಳ್ಳಿಯೊಂದರ ಟೇಲರ್. ಊರಿನ ನಳದ ಮುಂದೆ ತಾಸುಗಟ್ಟಲೆ ಕೈ ತೊಳೆಯುತ್ತಿದ್ದನಂತೆ. ನಳ ಬಂದ್ ಮಾಡಲು ಬಂದ ನೆರೆಯವನ ತಲೆಗೆ ಕೊಡದಿಂದ ಹೊಡೆದು ಜೈಲು ಸೇರಿದ್ದ. ಇನ್ನೂ ವಿಚಾರಣೆ ನಡೆಯಬೇಕಾದ ಆಸಾಮಿ. ಕೈ ಚಾಚು ಎಂದೆ. ಬೆರಳ ಸಂದಿಗಳು ಬಿರಿದು ಕೀವು ತುಂಬಿತ್ತು.

"ಹೊಲಸು ಹೋಗವಲ್ದ್ರಿ," ಎಂದ. ಅಷ್ಟೇ ಅವನ ತಕರಾರು.

ಇದಕ್ಕೆ ಒಸಿಡಿ ಎನ್ನುತ್ತಾರೆ, ಗೀಳುರೋಗ. ಕೈ ಸ್ವಚ್ಛವಾಗಿದೆ ಎಂದು ಕಣ್ಣು ಹೇಳಿದರೂ ಮನಸ್ಸು ಒಪ್ಪುವುದಿಲ್ಲ. ತೊಳೆಯದಿದ್ದರೆ ಜೀವ ಒದ್ದಾಡುತ್ತದೆ. ಔಷಧಿಗೆ ಚೆನ್ನಾಗಿ ಬಗ್ಗುತ್ತದೆ, ಆದರೆ ತಿಂಗಳುಗಟ್ಟಲೆ ತಪ್ಪದೆ ಕೊಡಬೇಕು. ಕೈಯ ಗಾಯಕ್ಕೂ ಮನಸ್ಸಿಗೂ ಗುಳಿಗೆ ಬರೆದು, ಅವನನ್ನು ನೀರಿನಿಂದ ದೂರವಿಡಿ, ಇಲ್ಲವಾದರೆ ಟೇಲರನ ಬೆರಳುಗಳು ಹೋಗುತ್ತವೆ ಎಂದು ಮುಖ್ಯ ವಾರ್ಡರ್‌ಗೆ ಬಿಡಿಸಿ ಹೇಳಿದೆ. ಆತ ತಲೆಯಾಡಿಸಿದ.

ಮಳೆಗಾಲ ಮುಗಿಯುವ ಹೊತ್ತಿಗೆ ರೇವಣಸಿದ್ಧ ಗೋಡೆಗೊರಗಿ ಸುಮ್ಮನೆ ಕೂರಬಲ್ಲವನಾಗಿದ್ದ. ಗಾಯ ಮಾಯ್ದಿತ್ತು. ಹೆಂಡತಿ ತನ್ನ ಹೊಲಿಗೆ ಮಷಿನ್ ಮಾರಿಲ್ಲ ತಾನೆ ಎಂದು ವಿಚಾರಿಸಿದ. ನನಗೆ ಖುಷಿಯಾಯಿತು. ಜೈಲಿನವರಿಗೆ ಆಗಿರಲಿಲ್ಲ. ಅಂಗಿಗಳು ಮಾಸಿದ್ದವು. ಗುಳಿಗೆ ನುಂಗಿ ನುಂಗಿ ಅವನು ಆಲಸಿಯಾಗಿದ್ದಾನೆ ಎಂದು ಮುಖ್ಯ ವಾರ್ಡರ್ ಗೊಣಗಿದ. ನಾನು ಗದರಿಸಿ ಬಂದೆ.

ಮುಂದಿನ ಸಲ ಹೋದದ್ದು ಮಹಾನವಮಿ ಹಬ್ಬಕ್ಕೆ ಮುಂಚೆ. ನಮ್ಮ ಕಡೆ ಹಬ್ಬದ ಮೊದಲ ದಿನದ ಘಟಸ್ಥಾಪನೆಗೆ ಮುನ್ನ ಮನೆಯ ಹಾಸಿಗೆ ಹೊದಿಕೆಗಳೆಲ್ಲ ನೀರು ಕಾಣಬೇಕು. ಜೈಲಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಗ್ಗದ ಮೇಲೆ, ಕಟ್ಟೆಯ ಮೇಲೆ, ಎಲ್ಲಿ ನೋಡಿದರೂ ಕೌದಿಗಳು. ಸಿಬ್ಬಂದಿಯ ಮನೆಗಳವು, ಅವರ ಬೀಗರ ಮನೆಗಳವು ಕೂಡ. ತೊಟ್ಟಿಯ ಬಳಿ ರೇವಣಸಿದ್ಧ. ನೆನೆದ ಕೌದಿಯನ್ನು ಹಿಂಡಲು ಇಬ್ಬರು ಬೇಕು, ಇವನೊಬ್ಬನೇ ಹಿಂಡುತ್ತಿದ್ದ. ಕಲ್ಲಿನ ಮೇಲೆ ಹರಿಯುತ್ತಿದ್ದ ನೊರೆ ಕೆಂಪಗಿತ್ತು.

ಗುಳಿಗೆ ಏನಾಯಿತು ಎಂದು ಕೇಳಿದೆ. ಮುಖ್ಯ ವಾರ್ಡರ್ ಒಂದಿಷ್ಟೂ ಅಳುಕದೆ ಹೇಳಿದ:

"ಹಬ್ಬ ಮುಗಿಯೂತನಕ ಬಂದ್ ಮಾಡೇವ್ರಿ. ಆಮ್ಯಾಲೆ ಮತ್ತ ಚಾಲೂ ಮಾಡ್ತೇವಲ್ರಿ. ಒಗಿಯೂದಂದ್ರ ಅವಗೂ ಖುಷೀನ ಐತಿ."

ಕೊಲೆ ಮಾಡಿದವರ ಎದುರು ಕೂತು ಮಾತಾಡಿದ್ದೇನೆ, ಹೆತ್ತ ಮಗುವನ್ನು ಬಾವಿಗೆಸೆದವಳ ಕೈ ಹಿಡಿದಿದ್ದೇನೆ. ಅಂದಿನಷ್ಟು ಹೇಸಿಗೆ ನನಗೆ ಯಾವತ್ತೂ ಆಗಿಲ್ಲ. ಆ ಮುಖ್ಯ ವಾರ್ಡರ್ ಕಳ್ಳನೂ ಅಲ್ಲ, ಕ್ರೂರಿಯೂ ಅಲ್ಲ. ದೇವರ ಘಟಕ್ಕೆ ಮಡಿ ಹೊದಿಕೆ ಬೇಕಿತ್ತು, ಅದಕ್ಕೆ ಒಬ್ಬನ ಕಾಯಿಲೆಯನ್ನು ಮರಳಿ ತರಿಸಿದ್ದ.

ಅಲ್ಲಿಂದ ನೇರವಾಗಿ ನ್ಯಾಯಾಧೀಶರಿಗೆ ವರದಿ ಕೊಟ್ಟೆ. ಅವರು ರೇವಣಸಿದ್ಧನನ್ನು ಜಿಲ್ಲಾ ಆಸ್ಪತ್ರೆಗೆ ಸೇರಿಸಿದರು. ಮನಸ್ಸು ಮತ್ತೆ ಹತೋಟಿಗೆ ಬಂತು, ಜಾಮೀನೂ ಸಿಕ್ಕಿತು. ಆದರೆ ಸೋಂಕು ಒಳಗಿಳಿದು ಬಲಗೈಯ ಎರಡು ಬೆರಳು ಸೆಟೆದುಹೋದವು. ಈಗ ಸೂಜಿಗೆ ದಾರ ಪೋಣಿಸುವುದು ಅವನ ಹೆಂಡತಿ.

ಇಲಾಖೆಯ ವಿಚಾರಣೆಯೂ ನಡೆಯಿತು. ನಿನಗೆ ಬಲವಂತ ಮಾಡಿದರೇ ಎಂದು ಅಧಿಕಾರಿ ಕೇಳಿದರು.

"ಯಾರೂ ಜುಲ್ಮಿ ಮಾಡಿಲ್ರಿ. ಕೊಟ್ರು, ಒಗದೆ," ಎಂದ ರೇವಣಸಿದ್ಧ.

ಸ್ವಇಚ್ಛೆಯಿಂದ ಒಗೆದಿದ್ದಾನೆ ಎಂದು ಬರೆದು ಫೈಲ್ ಮುಚ್ಚಿದರು. ಗುಳಿಗೆ ನಿಂತದ್ದು ಕಣ್ತಪ್ಪಿನಿಂದಂತೆ.

ಅಂದಿನಿಂದ ನಿವೃತ್ತಿಯವರೆಗೂ ಯಾವ ಜೈಲಿಗೆ ಹೋದರೂ, ಇಲ್ಲಿ ಯಾರಿಗೆ ತಲೆ ಕೆಟ್ಟಿದೆ ಎಂದು ನಾನು ಕೇಳಲಿಲ್ಲ. ಕೂಗಾಡುವವನನ್ನು ಅವರೇ ಎಳೆದು ತರುತ್ತಾರೆ, ಅವನಿಂದ ಅವರಿಗೆ ತ್ರಾಸು. ನಾನು ಕೇಳುತ್ತಿದ್ದದ್ದು, ನಿಮ್ಮಲ್ಲಿ ಎಲ್ಲರಿಗಿಂತ ಚಲೋ ಕೈದಿ ಯಾರು ಎಂದು. ಅವರು ನಗುತ್ತ ಯಾರ ಕಡೆ ಬೆರಳು ಮಾಡುತ್ತಿದ್ದರೋ, ಅವನನ್ನೇ ಮೊದಲು ಒಳಗೆ ಕರೆಯುತ್ತಿದ್ದೆ.