ಏಳು ಕಡೆ ಎಡವಿದ ಬೆಟ್ಟ

ಬೆಳಗಿನ ಐದೂವರೆ. ಚಳ್ಳಕೆರೆಯ ಟ್ರ್ಯಾಕ್ಟರ್ ಗ್ಯಾರೇಜೊಂದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಗುಲ್ಷನ್ ಬೀ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಎದುರಿಗೆ ಮರದ ಚೌಕಟ್ಟಿಗೆ ಬಿಗಿದ ನವಿರಾದ ಬಲೆಬಟ್ಟೆ, ಅದರಡಿ ಅಂಗೈ ಅಗಲದ ಬಿಳಿ ಕಾರ್ಡು. ರಬ್ಬರ್ ಪಟ್ಟಿಯಿಂದ ಕಪ್ಪು ಇಂಕನ್ನು ಒಂದೇ ಸಲ ತಮ್ಮ ಕಡೆಗೆ ಎಳೆದು ಚೌಕಟ್ಟು ಎತ್ತುತ್ತಾರೆ. ಕಾರ್ಡಿನ ತುಂಬ ಕಪ್ಪು ಬಿಳಿ ಸುತ್ತುಗಳು. ಅವರ ಕೆಲಸದ ಕುರಿತು ಬರೆಯಲು ಬಂದ ನಾನು ಬಗ್ಗಿ ನೋಡುತ್ತೇನೆ. ಸುತ್ತುಗಳು ಮೆಲ್ಲಗೆ ಉಬ್ಬುತ್ತವೆ, ಒಳಗೊಳಗೇ ಇಳಿಯುತ್ತವೆ, ಕಾಲಡಿಯ ನೆಲವೂ ಅವುಗಳ ಹಿಂದೆ ಹೊರಟಂತಾಗುತ್ತದೆ. ಅಯ್ಯೋ ದೇವರೇ, ಇನ್ನೂ ಚಹಾ ಕೂಡ ಕಾಣದ ಹೊಟ್ಟೆ ನನ್ನದು!

"ಭಾಳ ಹೊತ್ತು ನೋಡಬ್ಯಾಡ್ರಿ ಮೇಡಂ, ಅದು ಬಾವಿ ಕಾರ್ಡು," ಎಂದು ಅವರು ನಗುತ್ತಾರೆ. "ಆಮೇಲೆ ಮೊಳಕಾಲ್ಮೂರು ಬಸ್ಸಲ್ಲಿ ವಾಂತಿ ಆಗ್ತೈತೆ. ಕಿಟಕಿ ಸೀಟು ನಂದು, ಈಗ್ಲೇ ಹೇಳಿದೀನಿ."

ಓದಿದವರು ಈ ಕಣ್ಕಟ್ಟಿನ ಚಿತ್ರಗಳನ್ನು ಆಪ್ ಆರ್ಟ್ ಎನ್ನುತ್ತಾರೆ. ಗುಲ್ಷನ್ ಬೀ ಅವರಿಗೆ ಇವು 'ಅಲುಗಾಡೋ ಕಾರ್ಡು'. ದಿನಕ್ಕೆ ಎಂಬತ್ತು ಕಾರ್ಡು, ಅದರಲ್ಲಿ ಹತ್ತು ಹನ್ನೆರಡು ಕಸಕ್ಕೆ. ಎಂಟು ಗಂಟೆಯೊಳಗೆ ಎಲ್ಲ ಮುಗಿಯಬೇಕು. ಬಿಸಿಲೇರಿದರೆ ಇಂಕು ಬಲೆಯಲ್ಲೇ ಒಣಗುತ್ತದೆ, ಗಾಳಿ ಎದ್ದರೆ ಧೂಳು. ಇವೆರಡಕ್ಕಿಂತ ದೊಡ್ಡ ಕಾಟ ಗಂಡ ಚಾಂದ್ ಪಾಷ ಅವರದು. "ಅವರು ಗ್ಯಾರೇಜಲ್ಲಿ ಸುತ್ತಿಗೆ ಎತ್ತಿದ್ರೆ ಇಲ್ಲಿ ನನ್ನ ಗೆರೆ ನಡುಗ್ತೈತೆ."

ಗುಲ್ಷನ್ ಬೀ ಅವರಿಗೀಗ ಐವತ್ತಾರು. ಅಪ್ಪ ಲಾರಿಗಳಿಗೆ ನಂಬರ್ ಬರೆಯುತ್ತಿದ್ದರಂತೆ, ಕೈ ಅಲ್ಲಿಂದ ಬಂದದ್ದು. ಮೂವತ್ತು ವರ್ಷ ಲಗ್ನಪತ್ರಿಕೆ, ಬಟ್ಟೆ ಚೀಲ ಅಂತ ಸಿಕ್ಕಿದ್ದನ್ನೆಲ್ಲ ಪ್ರಿಂಟ್ ಮಾಡಿದ್ದಾರೆ. ಬಲೆ ತೊಳೆಯುವ ಸೀಮೆಎಣ್ಣೆಗೆ ಅಂಗೈ ಬಿರಿದಿದೆ, ಬಲಭುಜ ಮೇಲೇಳುವುದಿಲ್ಲ. "ಹೆಂಗಸು ಮೈಯೆಲ್ಲ ಇಂಕು ಬಳ್ಕೊಂಡ್ರೆ ಮನೆ ಉದ್ಧಾರ ಆಗ್ತೈತಾ ಅಂತ ನಮ್ಮತ್ತೆ ಅಂತಿದ್ರು. ಕೊನೆಗೆ ಅವರ ಮೊಮ್ಮಕ್ಕಳ ಲಗ್ನಪತ್ರಿಕೆಯೆಲ್ಲ ನಾನೇ ಮಾಡ್ದೆ."

ಕಾರ್ಡಿನ ಚಿತ್ರಗಳು ಮೊಳಕಾಲ್ಮೂರಿನ ಜಂಬುಲಿಂಗಪ್ಪನವರವು. ರೇಷ್ಮೆ ಸೀರೆಯ ಅಂಚಿಗೆ ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆಯುತ್ತಿದ್ದ ಮೇಷ್ಟ್ರು. ಆ ಕೆಲಸವನ್ನು ಕಂಪ್ಯೂಟರ್ ಕಿತ್ತುಕೊಂಡ ಮೇಲೆ ತಮ್ಮ ಖುಷಿಗೆ ಬರೆಯತೊಡಗಿದರು. ಎಂಟು ವರ್ಷದ ಹಿಂದೆ ಹಾಳೆಯ ಸುರುಳಿ ಹಿಡಿದು ಈ ಶೆಡ್ಡಿಗೆ ಬಂದು, ಇದನ್ನು ಕಾರ್ಡಿನಷ್ಟು ಚಿಕ್ಕದು ಮಾಡಿಕೊಡುತ್ತೀಯಾ ಅಂದರು. ಈಗ ಮೈಸೂರಿನ ಚಿತ್ರದಂಗಡಿಯೊಂದು ಹನ್ನೆರಡು ಚಿತ್ರಗಳ ಕಟ್ಟು ಕೇಳುತ್ತಿದೆ. ಕಾರ್ಡಿನ ಹಿಂದೆ ಮೇಷ್ಟ್ರ ಹೆಸರಿದೆ, ಊರಿದೆ. ಗುಲ್ಷನ್ ಬೀ ಹೆಸರು ಹುಡುಕಿ ನಾನು ನಾಲ್ಕು ಕಾರ್ಡು ತಿರುವಿದೆ.

"ನಂದ್ಯಾಕ್ರಿ? ಲಗ್ನಪತ್ರಿಕೆ ಪ್ರಿಂಟ್ ಮಾಡಿದೋರ ಹೆಸ್ರು ಲಗ್ನದಾಗೆ ಯಾರು ಕೇಳ್ತಾರೆ?"

ಶೆಡ್ಡಿನ ಬಾಗಿಲಿಗೆ ಹಳೆಯ ಕಾರ್ಡೊಂದನ್ನು ಮೊಳೆ ಹೊಡೆದು ಇಟ್ಟಿದ್ದಾರೆ. ಅದೆಷ್ಟು ಹೊತ್ತು ನೋಡಿದರೂ ಮಿಸುಕುವುದಿಲ್ಲ. ಮೊದಮೊದಲು ಮೇಷ್ಟ್ರು ಕೊಟ್ಟ ಚಿತ್ರದಲ್ಲಿ ಒಂದು ಗೆರೆ ಸೊಟ್ಟಗೆ ಕಂಡಿತಂತೆ. ಪಾಪ, ವಯಸ್ಸಾದವರು, ಕೈ ಜಾರಿದೆ ಎಂದು ಇವರು ಬ್ಲೇಡಿನಲ್ಲಿ ಕೆರೆದು, ನೇರ ಮಾಡಿ, ಇನ್ನೂರು ಕಾರ್ಡು ಹೊಡೆದರು. ಮೇಷ್ಟ್ರು ಬಂದು ನೋಡಿ, "ಚೆನ್ನಾಗೈತಮ್ಮಾ. ಆದ್ರೆ ನಿದ್ದೆ ಮಾಡ್ತೈತೆ," ಅಂದರು. ಬೈದಿದ್ದರೇ ವಾಸಿಯಿತ್ತು ಎನ್ನುತ್ತಾರೆ ಗುಲ್ಷನ್ ಬೀ. ಆ ದಿನ ಮೇಷ್ಟ್ರು ಹೇಳಿದ ಮಾತು ಅವರಿಗೆ ಬಾಯಿಪಾಠ: "ಎಲ್ಲ ಸರಿ ಇದ್ರೆ ಕಣ್ಣು ಮಲಗ್ತೈತೆ. ಒಂದು ಕಡೆ ಎಡವಿದ್ರೆ ಎದ್ದು ಹುಡುಕ್ತೈತೆ. ಅದಕ್ಕೇ ಒಂದು ತಪ್ಪು ನಾನೇ ಇಡ್ತೀನಿ."

ಅಂದಿನಿಂದ ಒಂದು ಕಟ್ಟುಪಾಡು. ಮೇಷ್ಟ್ರು ಕೈಯಲ್ಲಿ ಹಿಡಿದು 'ಅಲುಗಾಡ್ತೈತೆ' ಅನ್ನದ ಹೊರತು ಯಾವ ಕಾರ್ಡೂ ಹೊರಗೆ ಹೋಗುವುದಿಲ್ಲ. ಗುಲ್ಷನ್ ಬೀ ಕಣ್ಣಿಗೆ ಅದು ಸಿಗದು. "ದಿನಾ ನೋಡಿ ನೋಡಿ ನಂಗೆ ಏನೂ ಅಲುಗಾಡಲ್ಲ ಮೇಡಂ. ಎಲ್ಲ ಬರೀ ಇಂಕು."

ಹನ್ನೊಂದು ಚಿತ್ರ ಪಾಸಾಗಿವೆ. ಹನ್ನೆರಡನೆಯದು ಮೊಳಕಾಲ್ಮೂರಿನ ಹತ್ತಿರದ ಜಟಿಂಗ ರಾಮೇಶ್ವರದ ಬೆಟ್ಟ. ಅದನ್ನು ಬರೆಯಲು ಮೇಷ್ಟ್ರು ಹದಿನಾಲ್ಕು ತಿಂಗಳು ತೆಗೆದುಕೊಂಡರು, ಏಕೆಂದರೆ ಅಷ್ಟು ಹೊತ್ತಿಗೆ ಗ್ಲಾಕೋಮಾ ಅವರ ಕಣ್ಣನ್ನು ಅಂಚಿನಿಂದ ತಿನ್ನುತ್ತ ಬಂದಿತ್ತು. ಇಂದು ನಾವು ಹೊರಟಿರುವುದು ಅದೇ ಕಾರ್ಡನ್ನು ತೋರಿಸಲಿಕ್ಕೆ. ನಿನ್ನೆಯೇ ಪ್ರಿಂಟ್ ಮಾಡಿ ಒಣಗಿಸಿ, ಪೇಪರಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದಾರೆ. ನನಗೂ ತೋರಿಸಿಲ್ಲ.

ಬಸ್ಸು ತಳಕು ದಾಟಿದ ಮೇಲೆ ಬಾಯಿ ಬಿಟ್ಟರು. "ಈ ಸಲ ಗೆರೆ ಏಳು ಕಡೆ ಎಡವೈತೆ ಮೇಡಂ. ಒಂದು ಅವರು ಇಟ್ಟಿದ್ದು. ಮಿಕ್ಕಿದ್ದು ಕಣ್ಣು ಕಾಣ್ದೆ ಆಗಿದ್ದು. ಯಾವ್ದು ಯಾವ್ದಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಕೇಳೋಣ ಅಂದ್ರೆ, ನಿಮ್ಮ ಕೈ ತಪ್ಪೈತೆ ಅಂತ ಮುಖಕ್ಕೆ ಹೇಳ್ದಂಗೆ. ನಾಲಿಗೆ ಏಳಲ್ಲ." ಹಾಗಾಗಿ ಯಾವುದನ್ನೂ ಮುಟ್ಟದೆ ತಂದಿದ್ದಾರೆ. ಮೇಷ್ಟ್ರು ಒಪ್ಪದಿದ್ದರೆ ಬೆಟ್ಟ ಕಟ್ಟಿಗೆ ಸೇರದೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅವರು ಇನ್ನೊಂದು ಬರೆಯಲಾರರು.

ಮೊಳಕಾಲ್ಮೂರಿನ ಬೀದಿಯಲ್ಲಿ ಮಗ್ಗದ ಸದ್ದು ತೂಕಡಿಸಿದಂತೆ ಕೇಳುತ್ತಿದೆ. ಜಗಲಿಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂತ ಮೇಷ್ಟ್ರು ಹೆಜ್ಜೆ ಸಪ್ಪಳಕ್ಕೆ, "ಎವರಮ್ಮಾ?" ಎಂದು ತೆಲುಗಿನಲ್ಲಿ ಕೇಳಿದವರು, ಸೀಮೆಎಣ್ಣೆಯ ವಾಸನೆ ಹಿಡಿದು, "ಗುಲ್ಷನಮ್ಮನಾ? ಬಾ ಬಾ," ಎಂದರು.

ಕಾರ್ಡನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಬಿಸಿಲಿಗೆ ತಿರುಗಿಸಿದರು. ಕೊನೆಗೆ ಮಡಿಲಲ್ಲಿಟ್ಟು ತೋರುಬೆರಳಿನಿಂದ ಸವರತೊಡಗಿದರು. ಬೆರಳಿಗೆ ಸಿಗಲೆಂದೇ ಗುಲ್ಷನ್ ಬೀ ಎರಡು ಸಲ ಇಂಕು ಎಳೆದು ಗೆರೆಗಳನ್ನು ದಪ್ಪ ಮಾಡಿದ್ದರು. ಬೆರಳು ಬುಡದಿಂದ ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟ ಹತ್ತಿತು. ನಿಂತಿತು. ಮತ್ತೆ ಹತ್ತಿತು.

"ಏಳು," ಎಂದರು ಮೇಷ್ಟ್ರು. "ನಾನು ಇಟ್ಟಿದ್ದು ಒಂದೇ. ನೀನ್ಯಾಕಮ್ಮಾ ಸರಿ ಮಾಡ್ಲಿಲ್ಲ?"

"ಒಂದ್ಸಲ ಸರಿ ಮಾಡಿ ಕೆಡಿಸಿದೀನಲ್ಲ ಮೇಷ್ಟ್ರೇ."

ಮೇಷ್ಟ್ರು ಕಾರ್ಡನ್ನು ಅವರ ಕಡೆ ಚಾಚಿದರು. "ನಂಗೆ ಕಾಣ್ತಿಲ್ಲ. ಇನ್ಮೇಲೆ ನೀನೇ ನೋಡ್ಬೇಕು. ಹೇಳು, ಅಲುಗಾಡ್ತೈತಾ?"

ಗುಲ್ಷನ್ ಬೀ ನೋಡಿದರು. ಪಕ್ಕದ ಮನೆಯ ಮಗ್ಗ ನಿಂತು ಮತ್ತೆ ಶುರುವಾಯಿತು.

"ಅಲುಗಾಡ್ತೈತೆ ಮೇಷ್ಟ್ರೇ."

"ಹಂಗಾದ್ರೆ ಹೊಡಿ ಪ್ರಿಂಟು."

ವಾಪಸು ಬಸ್ಸಿನಲ್ಲಿ ಅವರು ಕಿಟಕಿಗೆ ತಲೆಯಾನಿಸಿ ಕೂತರು. ನನಗೆ ತಡೆಯಲಾಗಲಿಲ್ಲ. ನಿಜ ಹೇಳಿದಿರಾ ಎಂದು ಕೇಳಿಯೇಬಿಟ್ಟೆ. ಅವರ ಕಣ್ಣು ತುಂಬಿತು. "ನಂಗೆಲ್ಲಿ ಕಾಣ್ತೈತೆ ಮೇಡಂ? ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಸುಳ್ಳಾದ್ರೆ ಅಲ್ಲಾ ಮಾಫ್ ಮಾಡ್ಲಿ." ಪೇಪರ್ ಬಿಚ್ಚಿ ಕಾರ್ಡು ನನ್ನ ಕೈಗಿಟ್ಟರು.

ಮೊದಲು ಬರೀ ಗೆರೆಗಳು. ಮೊಳಕಾಲ್ಮೂರಿನ ಪಕ್ಕದ ಹಾನಗಲ್ ದಾಟುವಾಗ ಬುಡದ ಒಂದು ಮೆಟ್ಟಿಲು ಸರಿದಂತಾಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಇಡೀ ಬೆಟ್ಟ ಬಂಡೆ, ನೆರಳು ಸಮೇತ ಮೆಲ್ಲಗೆ ಎದ್ದು, ಮಂಜಿನಲ್ಲಿ ನಡೆಯುವವರಂತೆ ಅಲ್ಲಲ್ಲಿ ಎಡವುತ್ತ, ನನ್ನ ಕಡೆಗೇ ನಡೆದು ಬಂತು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಹೊಟ್ಟೆ ತೊಳಸಿತು. ಬಾಯಿಗೆ ಸೆರಗು ಒತ್ತಿಕೊಂಡು, "ಗುಲ್ಷನ್ ಬೀ, ಕಿಟಕಿ ಸೀಟು ಬಿಡ್ರಿ, ಬೇಗ!" ಎಂದೆ.

ಅವರು ಎದ್ದು ನಿಂತರು. ಒಂದು ಕೈಯಲ್ಲಿ ನನ್ನ ಬೆನ್ನು ಸವರುತ್ತ, ಇನ್ನೊಂದರಲ್ಲಿ ಫೋನು ಒತ್ತಿ, ಇಡೀ ಬಸ್ಸು ತಿರುಗಿ ನೋಡುವಂತೆ ಕೂಗಿದರು: "ಮೇಷ್ಟ್ರೇ, ಸುಳ್ಳಲ್ಲ! ಮೇಡಂಗೆ ವಾಂತಿ ಬಂತು!"