ಮಾರ್ಚ್ ಕಳೆಯುವವರೆಗೆ ಇಟ್ಟುಕೊಂಡ ಮಾಲು

ಕೊಡಿಗೇಹಳ್ಳಿಯಲ್ಲಿ ಲಕ್ಷ್ಮಿದೇವಮ್ಮನ ಪಂಪ್‌ಸೆಟ್ ಅಂಗಡಿ ಯಾವುದು ಎಂದರೆ ಯಾವ ಆಟೋದವನಾದರೂ ತೋರಿಸುತ್ತಾನೆ. ಗಂಡ ಮುನಿಶಾಮಪ್ಪ ತೀರಿಕೊಂಡಾಗ ‘ಹೆಂಗಸು, ಮೋಟಾರು ಪೈಪು ಅಂತ ಏನು ಮಾರ್ತಾಳೆ, ಅಂಗಡಿ ಬಾಡಿಗೆಗೆ ಕೊಡಲಿ’ ಎಂದ ನೆಂಟರೆಲ್ಲ ಆಮೇಲೆ ಆಕೆಯ ಹತ್ತಿರವೇ ಬೋರ್‌ವೆಲ್ ಮೋಟಾರು ಕೊಂಡರು, ಅದೂ ಚೌಕಾಸಿ ಮಾಡದೆ. ಮಾಡಿದರೂ ನಡೆಯುತ್ತಿತ್ತೇ? ಬಾಯಿ ಜೋರು, ಮಾತು ಒಂದೇ. ಕೆಟ್ಟ ಮೋಟಾರನ್ನು ಆಕೆ ಒಳ್ಳೆಯದು ಅಂದದ್ದನ್ನು ಕೇಳಿದವರಿಲ್ಲ.

ಆಕರ್ಷ್ ಆಕೆಯ ಮಹಡಿ ಮೇಲಿನ ಬಾಡಿಗೆದಾರ. ಹಗಲು ಆ ಮಹಡಿಯೇ ಅವನ ಕಂಪನಿ, ರಾತ್ರಿ ಅದೇ ಮನೆ. ಫೋನಿನಿಂದಲೇ ಮೋಟಾರು ಆನ್ ಆಫ್ ಮಾಡುವ ಡಬ್ಬಿಯೊಂದನ್ನು ತಯಾರಿಸುತ್ತಿದ್ದ. ಊಟ ಮರೆಯುವ ಆಸಾಮಿ. ಮುದ್ದೆ, ಸೊಪ್ಪಿನ ಸಾರು ಮೇಲಕ್ಕೆ ಕಳಿಸಿ ಕಳಿಸಿ ಸಾಕಾಗಿ, ಕೆಳಗೇ ಬಂದು ತಿಂದು ಸಾಯಿ ಎಂದು ಲಕ್ಷ್ಮಿದೇವಮ್ಮ ಬೈದ ಮೇಲೆ ಮನೆಯವನೇ ಆದ. ಆಂಟಿ ಎನ್ನುತ್ತಿದ್ದವನು ದೊಡ್ಡಮ್ಮ ಎನ್ನತೊಡಗಿದ. ಮಾಕಳಿಗೆ ಮದುವೆಯಾಗಿ ಹೋದ ಮಗಳು ಸೀತಾ, ‘ನನಗಿಂತ ಅವನೇ ಹೆಚ್ಚಾದ’ ಎಂದು ಮುನಿಸಿಕೊಂಡರೆ, ‘ಊಂ ಕಣೆ, ಏನೀಗ’ ಎನ್ನುವಷ್ಟು ಸಲಿಗೆ ಬೆಳೆಯಿತು.

ಒಂದು ಮಾರ್ಚ್ ಕೊನೆಯಲ್ಲಿ ಅವನು ಟೆಂಪೋ ತುಂಬ ಡಬ್ಬಿ ತಂದ.

“ದೊಡ್ಡಮ್ಮ, ಮಾರ್ಚ್ ಕಳೆಯೋವರ್ಗೂ ಇಟ್ಕೊಳಿ. ಬಿಲ್ ಮಾತ್ರ ನಿಮ್ಮ ಹೆಸರಿಗೆ. ದುಡ್ಡೇನೂ ಬೇಡ.”

ಪಕ್ಕದ ಮನೆಯವರು ಊರಿಗೆ ಹೋಗುವಾಗ ಒಡವೆ ಕೊಟ್ಟು ಹೋಗುವುದಿಲ್ಲವೇ, ಹಾಗೆಂದುಕೊಂಡಳು ಆಕೆ. ಮಾರ್ಚ್ ಕಳೆದರೂ ಅವನು ಮಾಲು ಒಯ್ಯಲಿಲ್ಲ, ಮುಂದಿನ ಮಾರ್ಚಿಗೆ ಇನ್ನೂ ಒಂದು ಟೆಂಪೋ ಬಂತು. ಅಷ್ಟರಲ್ಲಿ ಆಕರ್ಷನ ಕಂಪನಿಗೆ ದೊಡ್ಡವರು ಬಂಡವಾಳ ಹಾಕಿದ್ದರು, ಆಫೀಸು ಕೆಂಪಾಪುರಕ್ಕೆ ಹೋಗಿತ್ತು. ಆ ಬಿಲ್ಲುಗಳನ್ನೇ ವ್ಯಾಪಾರವೆಂದು ತೋರಿಸಿ ಅವನು ಬಂಡವಾಳ ತಂದದ್ದು ಆ ತಾಯಿಗೆ ಹೇಗೆ ಗೊತ್ತಾಗಬೇಕು?

ಬಂಡವಾಳ ಹಾಕಿದವರಿಗೆ ಅನುಮಾನ ಬಂದು, ಹಳೆಯ ಡೀಲರುಗಳನ್ನೆಲ್ಲ ಕಂಡು ವಿಚಾರಿಸಲು ಭಾವನಾ ಎಂಬ ಹುಡುಗಿಯನ್ನು ಕಳಿಸಿದರು. ಜೊತೆಗೆ ಆಕರ್ಷ್ ಬಂದ. ಹೀಗೆ ಹೇಳಿ, ಹಾಗೆ ಹೇಳಿ ಎಂದು ಅವನು ಮೊದಲೇ ಫೋನು ಮಾಡಿರಲಿಲ್ಲ. ನಾಚಿಕೆಯಾಯಿತೋ, ಧೈರ್ಯ ಬರಲಿಲ್ಲವೋ, ದೇವರಿಗೇ ಗೊತ್ತು. ಲಕ್ಷ್ಮಿದೇವಮ್ಮ ಹೆಣ್ಣು ನೋಡಲು ಬಂದವರ ಮುಂದೆ ಓಡಾಡುವಂತೆ ರೇಷ್ಮೆ ಸೀರೆ ಉಟ್ಟು, ಕೊಬ್ಬರಿ ಮಿಠಾಯಿ ಕೊಟ್ಟು, ಹಿಂದಿನ ಕೋಣೆಯ ಬಾಗಿಲು ತಾನಾಗಿಯೇ ತೆಗೆದಳು.

“ನೋಡವ್ವ, ನಮ್ಮ ಹುಡುಗನ ಮಾಲು. ಒಂದೂ ಆಳಾಗಿಲ್ಲ, ಸೀಲ್ ಸಮೇತ ಅಂಗೇ ಮಡಗಿವ್ನಿ.”

ಭಾವನಾಳ ಮುಖ ಗಂಟಿಕ್ಕಿಕೊಂಡಿತು. “ಇದೆಲ್ಲಾ ಮಾರಿ ಆಗಿದೆ ಅಂತ ನಮಗೆ ತೋರಿಸಿದ್ದಾರೆ, ಅಮ್ಮ. ಆಕರ್ಷ್, ನಿಮಗೆ ಇದು ಗೊತ್ತಿದ್ರೆ ಇದು ಮೋಸ. ಪೊಲೀಸ್ ಕೇಸ್ ಆಗತ್ತೆ.”

ಆಕರ್ಷ್ ನೆಲ ನೋಡುತ್ತ ಹೇಳಿದ: “ನಂಗೆ ಗೊತ್ತಿರ್ಲಿಲ್ಲ. ಎಲ್ಲಾ ಮಾರಿದೀನಿ ಅಂತ ಇವರೇ ಹೇಳ್ತಿದ್ರು.”

ನಿಜ ಹೇಳಿದರೆ ಹುಡುಗ ಜೈಲಿಗೆ. ಸುಳ್ಳು ಹೇಳಿದರೆ ಇಷ್ಟು ವರ್ಷ ಕಟ್ಟಿಕೊಂಡ ಮಾತು ಮಣ್ಣಿಗೆ. ಭಾವನಾ “ಹೌದಾ ಅಮ್ಮ?” ಎಂದಾಗ ಆಕೆ ಹೆಚ್ಚು ಯೋಚಿಸಲಿಲ್ಲ.

“ಊಂ ಕಣವ್ವ. ನಾನೇ ಅಂಗಂದಿದ್ದು. ಯಾಪಾರ ಆಗ್ತಿರಲಿಲ್ಲ, ಏಳಕ್ಕೆ ನಾಚ್ಕೆ ಆಗಿ ಸುಳ್ಳೇಳಿದೆ.”

ಅಲ್ಲಿಗೆ ಆಕರ್ಷ್ ಬಚಾವಾದ. ಮೋಸಗಾರನಾಗಬೇಕಿದ್ದವನು ಮೋಸ ಹೋದವನಾದ. ಇತ್ತ ಸುದ್ದಿ ಕೊಡಿಗೇಹಳ್ಳಿಯಲ್ಲೆಲ್ಲ ಹಬ್ಬಿತು. ಎದುರಂಗಡಿಯ ಸಿದ್ದಲಿಂಗ, “ಏನ್ ಲಕ್ಷ್ಮಮ್ಮ, ಕಂಪನಿಯವರಿಗೇ ಟೋಪಿ ಹಾಕಿದ್ರಂತೆ” ಎಂದು ನಕ್ಕ. ಮೋಟಾರಿನ ಬೆಲೆ ಕೇಳಿದ ಗಿರಾಕಿಗಳು ಇನ್ನೊಂದು ಅಂಗಡಿಯಲ್ಲೂ ವಿಚಾರಿಸಿ ಬರುತ್ತೇವೆ ಎನ್ನತೊಡಗಿದರು. ಆಕೆ ಯಾರಿಗೂ ಏನೂ ಹೇಳಲಿಲ್ಲ, ಸೀತಾಗೂ ಹೇಳಲಿಲ್ಲ. ಆಕರ್ಷ್ ಬರುತ್ತಾನೆ, ಒಬ್ಬನೇ ಬರುತ್ತಾನೆ, ತನ್ನ ಮುಂದೆ ಕೂತು ಒಂದು ಸಲ ಅತ್ತುಬಿಟ್ಟರೆ ಸಾಕು ಎಂದು ದಿನವೂ ಕಾದಳು.

ತಿಂಗಳ ಮೇಲೆ ಬಂದ, ಒಬ್ಬನೇ. ಆಕೆಗೆ ಹೋದ ಜೀವ ಬಂದಂತಾಯಿತು. ಒಲೆ ಮೇಲೆ ಹಾಲಿಡುವಷ್ಟರಲ್ಲಿ ಅವನು ಬ್ಯಾಗಿನಿಂದ ಒಂದು ಕಾಗದ ತೆಗೆದ.

“ದೊಡ್ಡಮ್ಮ, ಅವತ್ತು ಹೇಳಿದ್ರಲ್ಲ, ಅದನ್ನೇ ಟೈಪ್ ಮಾಡ್ಸಿದೀನಿ. ಒಂದು ಸೈನ್ ಹಾಕ್ಕೊಡಿ.”

“ಬಾಯಲ್ಲಿ ಏಳಿದ್ನಲ್ಲಪ್ಪ, ಸಾಲ್ದಾ?”

“ಅಲ್ಲ, ಲಾಯರು ಹೇಳಿದ್ರು. ನಾಳೆ ನೀವು ಮಾತು ಬದಲಾಯಿಸಿಬಿಟ್ರೆ ನನ್ನ ಗತಿ ಏನು?”

ಲಕ್ಷ್ಮಿದೇವಮ್ಮ ಅವನ ಮುಖ ನೋಡಿದಳು. ತಮಾಷೆಗೆ ಅಂದದ್ದಲ್ಲ. ಅವನಿಗೆ ನಿಜಕ್ಕೂ ಆಕೆಯ ಭಯವಿತ್ತು. ಊರು ಕಳ್ಳಿ ಅಂದಾಗ ಆಗದ ಸಂಕಟ ಆಗ ಆಯಿತು. ಕಾಗದ ತೆಗೆದುಕೊಂಡು, ಅವನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸೈನ್ ಹಾಕಿದಳು.

“ಇನ್ ಮ್ಯಾಕೆ ನೀನು ಈ ಮನೆಗೆ ಬರಬ್ಯಾಡ ಕಣಪ್ಪ,” ಎಂದಳು.

ಅವನು ಸೈನುಗಳನ್ನು ಇನ್ನೊಂದು ಸಲ ನೋಡಿಕೊಂಡು, ಕಾಗದ ಮಡಚಿ ಬ್ಯಾಗಿಗೆ ಹಾಕಿದ. “ಆಯ್ತು” ಎಂದ.

ಯಾಕೆ ದೊಡ್ಡಮ್ಮ ಎಂದು ಒಂದು ಮಾತು ಕೇಳಬಹುದಿತ್ತು.