ಅಮ್ಮ ಮರೆತ ಪಾಸ್‌ವರ್ಡ್

ಡ್ರೈವಿಂಗ್ ಕಲಿಸುವ ಮೇಷ್ಟ್ರು ಎಂದರೆ ಆ ಬಡಾವಣೆಯಲ್ಲಿ ಭೂಮಿತೂಕದ ಮನುಷ್ಯ ಎಂದೇ ಹೆಸರು. ಕ್ಲಚ್ಚಿನ ಬದಲು ಬ್ರೇಕು ಒತ್ತುವವರು, ಎಡಕ್ಕೆ ಅಂದರೆ ಬಲಕ್ಕೆ ತಿರುಗುವವರು, ಹಿಂದಕ್ಕೆ ತೆಗೆಯಲು ಹೋಗಿ ಕಂಡವರ ಗೇಟಿಗೆ ಗುದ್ದಿದವರು, ಎಲ್ಲರನ್ನೂ ಅವರು ದಡ ಮುಟ್ಟಿಸಿದ್ದರು. "ಹೆದರಬೇಡಿ, ಇನ್ನೊಂದು ಬ್ರೇಕು ನನ್ನ ಕಾಲಡಿ ಇದೆ" ಎನ್ನುವುದು ಅವರ ದಿನನಿತ್ಯದ ಮಾತು. ಕಲಿಯುವವರು ಅತ್ತರೆ ಕರವಸ್ತ್ರ ಕೊಟ್ಟು ಕಿಟಕಿಯಾಚೆ ನೋಡುತ್ತ ಕೂರುವಷ್ಟು ಸೌಜನ್ಯ. ಆದರೆ ಆ ತಾಳ್ಮೆಯೆಲ್ಲ ಕಾರಿನ ಒಳಗಿನದು. ಕಾರಿನಿಂದ ಇಳಿದು ಮನೆಯವರ ಕಡೆ ತಿರುಗಿದರೆ ಸಿಟ್ಟು ಮೂಗಿನ ತುದಿಯಲ್ಲೇ. ಆಚಾರ ಹೇಳೋದಕ್ಕೆ, ಬದನೇಕಾಯಿ ತಿನ್ನೋದಕ್ಕೆ.

ಗುರುವಾರ ಎರಡು ಪಾಠಗಳ ನಡುವೆ ಅಮ್ಮನ ಫೋನು ಬಂತು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಅಮ್ಮ ಎರಡು ಬೀದಿ ಆಚೆಯ ಸಣ್ಣ ಫ್ಲ್ಯಾಟಿನಲ್ಲಿ ತನ್ನಿಷ್ಟದಂತೆ ಇದ್ದಳು. ಅವಳ ದಿನಕ್ಕೆ ಎರಡು ಮುಖ್ಯ ಕೆಲಸ: ಶಾಲೆ ಬಿಟ್ಟ ಮೊಮ್ಮಗಳನ್ನು ಕೈಹಿಡಿದು ಕರೆತರುವುದು, ಸಂಜೆ ಕಂಪ್ಯೂಟರಿನಲ್ಲಿ ಪರವೂರಿನ ಅಕ್ಕನ ಮುಖ ನೋಡುತ್ತ ಅಕ್ಕತಂಗಿ ಸೇರಿ ಪದಬಂಧ ಬಿಡಿಸುವುದು. ಆ ಕಂಪ್ಯೂಟರು ಭಾನುವಾರ ಸಂಜೆಯಿಂದ ತೆರೆದಿರಲಿಲ್ಲ. ಪಾಸ್‌ವರ್ಡ್ ಮರೆತೆ ಎಂದು ಮಗನಿಗೆ ಹೇಳಲು ನಾಚಿಕೆಯಾಗಿ ಇಷ್ಟು ದಿನ ಒಬ್ಬಳೇ ಒದ್ದಾಡಿದ್ದಳು.

ಮೇಷ್ಟ್ರು ಚಪ್ಪಲಿ ಬಿಡುವಾಗಲೇ ಶುರು ಮಾಡಿದರು. ದಿನಾ ಹಾಕುವ ಪಾಸ್‌ವರ್ಡು ಮರೆಯುವುದೆಂದರೇನು, ತನಗೇನು ಬೇರೆ ಕೆಲಸವಿಲ್ಲವೇ, ಊಟವಾದರೂ ಮಾಡಿದೆಯೋ ಅದೂ ಮರೆತುಹೋಯಿತೋ. ಅಮ್ಮ ಕುರ್ಚಿಯ ಹಿಂದೆ ನಿಂತು ಕೇಳಿಸಿಕೊಂಡಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮಾತಿನ ಭರದಲ್ಲಿ ಅವರ ಬಾಯಿಂದ ಇನ್ನೊಂದು ಬಂತು.

"ಇವತ್ತು ಯಾವ ವಾರ, ಹೇಳಮ್ಮ ನೋಡೋಣ."

ಅಮ್ಮ ಒಂದು ಕ್ಷಣ ತಡೆದು, "ಗುರುವಾರ" ಎಂದಳು.

ಮೇಷ್ಟ್ರು ಹೂಂ ಎಂದು ಕೀಲಿಮಣೆ ಎಳೆದುಕೊಂಡರು. ಪಾಸ್‌ವರ್ಡ್ ಮರೆತವರಿಗೆಂದು ಇರುವ ಜಾಗ ಒತ್ತಿದಾಗ, ನೆನಪಿರುವ ಹಳೆಯದನ್ನು ಹಾಕಿ ಎಂದಿತು ಕಂಪ್ಯೂಟರು. ಅಮ್ಮ ಅಕ್ಷರ ಬಿಡಿಸಿ ಬಿಡಿಸಿ ಹೇಳಿದಳು, ಮೊಮ್ಮಗಳ ಮುದ್ದಿನ ಹೆಸರು, ಅದರ ಮುಂದೆ ಅವಳು ಹುಟ್ಟಿದ ವರ್ಷ. ಒಂದಕ್ಷರವೂ ತಡವರಿಸಲಿಲ್ಲ. ಪರದೆಯ ಮೇಲೆ ಒಂದು ಸಾಲು ಬಂತು: ಈ ಪಾಸ್‌ವರ್ಡನ್ನು ಕಳೆದ ಭಾನುವಾರ ಬದಲಾಯಿಸಲಾಗಿದೆ.

ಮೇಷ್ಟ್ರು ಆ ಸಾಲನ್ನು ಎರಡು ಸಲ ಓದಿದರು. ಭಾನುವಾರ ಈ ಕುರ್ಚಿಯಲ್ಲಿ ಕೂತಿದ್ದವರು ಅವರೇ. ಮಗುವಿನ ಹೆಸರನ್ನು ಯಾವ ಕಳ್ಳ ಬೇಕಾದರೂ ಊಹಿಸಿಯಾನು ಎಂದುಕೊಂಡು, ಅಮ್ಮ ಟೀ ಕುದಿಸುತ್ತಿದ್ದಾಗ ಗಟ್ಟಿಯಾದ ಪಾಸ್‌ವರ್ಡೊಂದನ್ನು ಹಾಕಿದ್ದರು. ಟೀ ಕುಡಿಯುವಾಗ ಹೇಳಿದರಾಯಿತು ಎಂದುಕೊಂಡಿದ್ದರು. ಅಷ್ಟರಲ್ಲಿ ಕಲಿಯುವವರೊಬ್ಬರು ಕಾರನ್ನು ಚರಂಡಿಗಿಳಿಸಿ ಫೋನು ಮಾಡಿದರು, ಇವರು ಟೀ ಬಿಟ್ಟು ಓಡಿದರು. ಮರೆತವರು ಯಾರು ಎಂಬುದು ಈಗ ಪರದೆಯ ಮೇಲಿತ್ತು.

"ಏನಂತೆ?" ಎಂದಳು ಅಮ್ಮ. ಕನ್ನಡಕ ಅವಳ ಕೈಯಲ್ಲಿತ್ತು.

"ಏನಿಲ್ಲ. ಸರಿ ಹೋಗುತ್ತೆ."

ನಾಲ್ಕು ಜನರೆದುರು ಕೆನ್ನೆಗೆ ಬಾರಿಸಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ. ಮೇಷ್ಟ್ರು ತಲೆ ಎತ್ತದೆ ತಮ್ಮ ಫೋನಿಗೆ ಬಂದ ಅಂಕಿಗಳನ್ನು ಹಾಕಿ, ಅಮ್ಮನ ಹಳೆಯ ಪಾಸ್‌ವರ್ಡಿಗೇ ಮೊಮ್ಮಗಳು ಹುಟ್ಟಿದ ತಿಂಗಳು ಸೇರಿಸಿ ಹೊಸದು ಮಾಡಿ, ಅದನ್ನು ಅವಳಿಗೆ ಹೇಳಿದರು. ಅಮ್ಮ ಅವರ ಭುಜ ಮುಟ್ಟಿ, ನಿನಗೆ ಸುಮ್ಮನೆ ತೊಂದರೆ ಕೊಟ್ಟೆ ಎಂದಳು. ಆಮೇಲೆ, ಯೋಚಿಸಿಟ್ಟ ಮಾತನ್ನು ಹೇಳಿದಳು.

"ಸೋಮವಾರದಿಂದ ಮಗೂನ ಕರ್ಕೊಂಡು ಬರೋಕೆ ಬೇರೆ ಯಾರನ್ನಾದ್ರೂ ನೋಡಪ್ಪ. ಈ ವಾರವೆಲ್ಲ ಶಾಲೆ ಬಿಡೋಕೆ ಎಷ್ಟೋ ಮುಂಚೆ ಹೋಗಿ ಗೇಟಲ್ಲಿ ನಿಂತಿದೀನಿ, ಎಲ್ಲಿ ಮರೆತುಬಿಡ್ತೀನೋ ಅಂತ. ದಿನಾ ಹಾಕೋ ಪಾಸ್‌ವರ್ಡೇ ಮರೆತವಳನ್ನ ನಂಬಿ ಮಗೂನ ಬಿಡಬೇಡಿ."

ಆಗಲೂ ಮೇಷ್ಟ್ರು ನಿಜ ಹೇಳಲಿಲ್ಲ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆಮೇಲೆ ಮಾತಾಡೋಣ ಎಂದು ಗೊಣಗಿ ಕೆಳಗಿಳಿದು ಕಾರಿನಲ್ಲಿ ಕೂತರು. ಅಭ್ಯಾಸಬಲದಿಂದ ಎಡಗಡೆ, ಕಲಿಸುವವರ ಸೀಟಿನಲ್ಲೇ ಕೂತಿದ್ದರು. ಕಾಲಡಿ ಆ ಇನ್ನೊಂದು ಬ್ರೇಕು ಇತ್ತು. ಕಂಡವರಿಗೆಲ್ಲ ಹೆದರಬೇಡಿ ಎನ್ನುವ ಬಾಯಿ, ಹೆತ್ತವಳನ್ನು ಐದು ದಿನ ಹೆದರಿಸಿಟ್ಟಿತ್ತಲ್ಲ ಎಂದು ತಮ್ಮ ಮೇಲೇ ಹೇಸಿಗೆಯಾಯಿತು. ಮುಂದಿನ ಪಾಠದವರಿಗೆ ಇವತ್ತು ಬರುವುದಿಲ್ಲ ಎಂದು ಹೇಳಿ ಮತ್ತೆ ಮೆಟ್ಟಿಲು ಹತ್ತಿದರು.

ಬಾಗಿಲು ತೆರೆದೇ ಇತ್ತು. ಅಮ್ಮ ಕಂಪ್ಯೂಟರಿನ ಮುಂದೆ ಕೂತು ಹೊಸ ಪಾಸ್‌ವರ್ಡನ್ನು ಒಂದೊಂದೇ ಬೆರಳಲ್ಲಿ ಹಾಕಿದಳು. ಕಂಪ್ಯೂಟರು ತೆರೆಯಿತು. ಅದನ್ನು ಮುಚ್ಚಿ, ಮತ್ತೆ ಮೊದಲಿಂದ ಹಾಕಿದಳು.

"ಅಮ್ಮ, ಸಾಕು. ನೀನು ಏನೂ ಮರೆತಿಲ್ಲ. ಭಾನುವಾರ ಅದನ್ನ ಬದಲಾಯಿಸಿದ್ದು ನಾನು. ನಿನಗೆ ಹೇಳೋಕೆ ಮರೆತೆ. ಆಗಲೇ ಗೊತ್ತಾಯ್ತು, ಆದರೂ ಹೇಳಲಿಲ್ಲ."

ಅಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

"ನೀನು ವಾರ ಕೇಳಿದಾಗ ಕ್ಯಾಲೆಂಡರ್ ನೋಡಿ ಹೇಳಿದೆ ಕಣೋ" ಎಂದಳು ಕೊನೆಗೆ. "ಗೊತ್ತಿತ್ತು. ಆದರೂ ನೋಡಿದೆ."

ಅಮ್ಮ ಕಂಪ್ಯೂಟರಿನ ಕಡೆ ತಿರುಗಿ ಅಕ್ಕನಿಗೆ ಕರೆ ಮಾಡಿದಳು. ಮಂಗಳವಾರವೇ ಫೋನಿನಲ್ಲಿ ಅವಳಿಗೆ ನನ್ನ ಮರೆವಿನ ಸುದ್ದಿ ಹೇಳಿಬಿಟ್ಟಿದ್ದೆ, ಅವತ್ತಿಂದ ಅವಳು ಸರಿಯಾಗಿ ಉಂಡಿಲ್ಲ, ಈಗ ನಡೆದದ್ದನ್ನು ನೀನೇ ಹೇಳು ಎಂದಳು ಮಗನಿಗೆ.

ಪರದೆಯ ಮೇಲೆ ದೊಡ್ಡಮ್ಮನ ಮುಖ ಮೂಡಿತು. ಕಣ್ಣುಗಳು ಊದಿಕೊಂಡಿದ್ದವು. ತಂಗಿಯನ್ನು ಕಂಡು ಬಲವಂತವಾಗಿ ನಕ್ಕು, ಎಳೆಮಗುವಿಗೆ ಕೇಳುವ ಹಾಗೆ ನಿಧಾನವಾಗಿ, ಗಟ್ಟಿಯಾಗಿ ಕೇಳಿದಳು:

"ನಾನು ಯಾರು? ಗುರುತು ಸಿಕ್ತಾ?"

ಅಮ್ಮ ಎದ್ದು ನಿಂತು, ಕುರ್ಚಿಯನ್ನು ಮಗನ ಕಡೆಗೆ ತಳ್ಳಿದಳು.